ಜಯಮ್ಮನ ಗೌರಿಗೆ ಸೀಮಂತ

ಬೇರೆಯವರ ಮನೆ ವಿಷಯ ತಿಳಿದುಕೊಳ್ಳದೆ ನನಗೆ ಅನ್ನ ಇಳಿಯುವುದಿಲ್ಲ. ಇದು ಕೆಟ್ಟ ಬುದ್ಧಿ ಎಂದು ನಮ್ಮ ಯಜಮಾನರು ಶ್ರೀಕಂಠಯ್ಯನವರು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ. ಆದರೆ ನಾನು ಕೇಳಿಕೊಂಡು ಬಂದ ಸುದ್ದಿಯನ್ನು ಊಟಕ್ಕೆ ಕೂತಾಗ "ಆಮೇಲೆ?" ಎಂದು ಕೆದಕಿ ಕೇಳುವವರೂ ಅವರೇ. ಹಾಗಿರುವಾಗ, ತಿರುವನಂತಪುರದ ಶ್ರೀಕಾರ್ಯಂಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಮರಗೆಣಸಿನ ತೋಟಗಳ ಆಚೆಯಿಂದ ಕುದುರೆ ಕೆನೆದದ್ದು ಕೇಳಿಸಿದರೆ ನಾನು ಸುಮ್ಮನೆ ಕೂರುತ್ತೇನೆಯೇ?

ಅದು ಎಪ್ಪತ್ತೊಂದನೇ ಇಸವಿ. ಯಜಮಾನರಿಗೆ ಅಲ್ಲಿನ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಗೆ ವರ್ಗವಾಗಿತ್ತು. ತಿರುವನಂತಪುರದಲ್ಲಿ ಆನೆ ಇದೆ, ಎಮ್ಮೆ ಇದೆ, ಮನೆಗೊಂದು ಮೇಕೆ ಇದೆ. ಕುದುರೆ ಎಲ್ಲಿಂದ ಬರಬೇಕು? "ಪೊಲೀಸರದ್ದಿರಬೇಕು ಬಿಡೆ," ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಪೊಲೀಸರ ಕುದುರೆಗೆ ಮರಗೆಣಸಿನ ತೋಟದಲ್ಲಿ ಏನು ಕೆಲಸ? ಚಪ್ಪಲಿ ಮೆಟ್ಟಿ ಹೊರಟೆ. ಅರ್ಧ ದಾರಿಯಲ್ಲಿ ಕೆನೆತ ನಿಂತಿತು. ಅಷ್ಟರಲ್ಲಿ ಮೂಗಿಗೆ ಬೇರೆಯೇ ಗುರುತು ಸಿಕ್ಕಿತ್ತು. ಹುರಳಿ ಬೇಯುವ ವಾಸನೆ! ನಮ್ಮ ಮೈಸೂರಿನ ಮನೆಯಲ್ಲಿ ಬರುತ್ತಿದ್ದ ಅದೇ ವಾಸನೆ.

ವಾಸನೆ ಹಿಡಿದು ಹೋದರೆ ತೆಂಗಿನ ತೋಪಿನ ನಡುವೆ ಗರಿ ಹೊದಿಸಿದ ಉದ್ದನೆಯ ಲಾಯ. ಅದರ ಮುಂದೆ ಮೂರು ಕಲ್ಲಿನ ಒಲೆ, ಮೇಲೆ ಮದುವೆಮನೆಯ ಅಳತೆಯ ತಾಮ್ರದ ಹಂಡೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂದ ಹುರಳಿಯನ್ನು ಬುಟ್ಟಿಗೆ ಬಸಿಯುತ್ತಿದ್ದರು. ಉಟ್ಟದ್ದು ಬಿಳಿ ಸೀರೆ. ಅಲ್ಲಿ ಎಲ್ಲರೂ ಬಿಳಿಯನ್ನೇ ಉಡುವುದರಿಂದ ಅದರಲ್ಲಿ ನನಗೇನೂ ಗೊತ್ತಾಗಲಿಲ್ಲ. ಬೋಳು ಹಣೆ ನೋಡಿದ ಮೇಲೆಯೇ ಗಂಡ ಇಲ್ಲವೆಂದು ತಿಳಿದದ್ದು. ನಾನು ಬಾಯಿಗೆ ಬಂದ ಮಲಯಾಳದಲ್ಲಿ ಏನೋ ತಡವರಿಸಿದೆ. ಆಕೆ ನನ್ನ ಕುತ್ತಿಗೆಯ ಕರಿಮಣಿ ನೋಡಿ, "ನಮ್ಮ ಕಡೆಯವರಾ? ಪಾತ್ರೆ ತಂದಿದೀರಾ?" ಎಂದರು.

ಜಯಮ್ಮನವರು ನನಗೆ ಆಡಿದ ಮೊದಲ ಮಾತು ಅದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಪಾತ್ರೆ!

ಪಾತ್ರೆ ಯಾಕೆಂದು ಆಮೇಲೆ ತಿಳಿಯಿತು. ಚಾಲೈ ಬಜಾರಿನಿಂದ ಮೂಟೆಗಟ್ಟಲೆ ತರಿಸಿದ ಹುರಳಿಯನ್ನು ಆಕೆ ದಿನಾ ಬೆಳಿಗ್ಗೆ ಬೇಯಿಸುತ್ತಿದ್ದರು. ಕಾಳು ಕುದುರೆಗಳಿಗೆ, ಬಸಿದ ಕಟ್ಟು ಕನ್ನಡದವರಿಗೆ. ನಮ್ಮ ಸಂಸ್ಥೆಯವರು, ಇಂಜಿನಿಯರಿಂಗ್ ಕಾಲೇಜಿನವರು, ತುಂಬಾದ ರಾಕೆಟ್ ಕೇಂದ್ರದವರು, ಒಬ್ಬಿಬ್ಬರು ಬ್ಯಾಂಕಿನವರು, ಹೀಗೆ ಸುತ್ತಮುತ್ತಲಿನ ಕನ್ನಡದ ಮನೆಯವರೆಲ್ಲ ಪಾತ್ರೆ ಹಿಡಿದು ಬರುವುದು ವಾಡಿಕೆ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿ ಆ ಕಟ್ಟಿನ ಸಾರು ಮಾಡಿದರೆ, ಆಹಾ, ವರ್ಗವಾದ ದುಃಖವೆಲ್ಲ ಅರ್ಧ ಇಳಿಯುತ್ತಿತ್ತು. ಹುಲ್ಲು ಕೊಯ್ದು ತರುತ್ತಿದ್ದ ಭಾರ್ಗವಿಗೆ ಮಾತ್ರ ಇದು ಕೊನೆಯವರೆಗೂ ಒಗ್ಗಲಿಲ್ಲ. "ಕುದುರೆಗೆ ಬೇಯಿಸಿದ ನೀರು ಕುಡೀತಾರಲ್ಲ, ಎಂದಾ ಚೇಚ್ಚೀ ಇದು, ಏನಕ್ಕಾ ಇದು!" ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದಳು. ಜಯಮ್ಮನ ಜೊತೆಗಿದ್ದೂ ಇದ್ದೂ ಅವಳಿಗೆ ಅರ್ಧ ಕನ್ನಡ ಬರುತ್ತಿತ್ತು.

ಅಲ್ಲಿದ್ದದ್ದು ಮೂರು ಕುದುರೆ. ಬಿಳಿಯ ಗಂಡು ಸುಬೇದಾರ, ಮುದಿಯಾಗಿ ಮೂಳೆ ಬಿಟ್ಟುಕೊಂಡಿದ್ದ ಚೆಲುವ, ಕಂದು ಬಣ್ಣದ ಹೆಣ್ಣು ಗೌರಿ. ಜಯಮ್ಮನ ಗಂಡ ನಟರಾಜಪ್ಪ ಮೈಸೂರಿನಲ್ಲಿ ಕುದುರೆ ಪಳಗಿಸುತ್ತಿದ್ದವರು. ತಿರುವನಂತಪುರದ ದೊಡ್ಡ ಮನೆತನವೊಂದು ಮಕ್ಕಳಿಗೆ ಸವಾರಿ ಕಲಿಸಲೆಂದು ಅವರನ್ನು ಕರೆಸಿಕೊಂಡಿತ್ತಂತೆ. ಮಕ್ಕಳು ಬೆಳೆದರು, ಮನೆಗೆ ಕಾರು ಬಂತು, ಕುದುರೆ ಯಾರಿಗೂ ಬೇಡವಾಯಿತು. ಆ ಮನೆಯ ಹಿರಿಯರು ಕುದುರೆಗಳನ್ನೂ ಈ ತೋಪನ್ನೂ ನಟರಾಜಪ್ಪನವರಿಗೇ ಬಿಟ್ಟುಕೊಟ್ಟರು. ಕೆಲವು ವರ್ಷಗಳ ಮೇಲೆ ಜ್ವರ ಬಂದು ಅವರು ಹೋಗಿಬಿಟ್ಟರು. ಜಯಮ್ಮ ಕುದುರೆ ಕಟ್ಟಿಕೊಂಡು ಉಳಿದರು.

ಹೊಟ್ಟೆಪಾಡಿಗೆ ಏನು ಎನ್ನುತ್ತೀರಾ? ನಾನೂ ಅದನ್ನೇ ಕೇಳಿದ್ದೆ. ಸಿನಿಮಾ! ಊರಿನ ಇನ್ನೊಂದು ತುದಿಯ ಸ್ಟುಡಿಯೋದವರು ಕತ್ತಿವರಸೆಯ ಕಥೆ ತೆಗೆಯುವಾಗೆಲ್ಲ ಲಾರಿ ಕಳಿಸುತ್ತಿದ್ದರು. ಎಷ್ಟು ಜನ ನಾಯಕರು ಸುಬೇದಾರನ ಬೆನ್ನ ಮೇಲೆ ಕೂತು ರಾಜ್ಯ ಗೆದ್ದರೋ! ಒಮ್ಮೆ ಟಾಕೀಸಿನಲ್ಲಿ ನಾವು ಹೆಂಗಸರೆಲ್ಲ ಸುಬೇದಾರನನ್ನು ಕಂಡು "ಅಯ್ಯೋ ನಮ್ಮವನು ಕಣ್ರೀ" ಎಂದು ಕೂಗಿ ಹಿಂದಿನವರಿಂದ ಬೈಸಿಕೊಂಡೆವು. ಇಷ್ಟಾದರೂ ಜಯಮ್ಮ ಮಾತ್ರ ಒಂದು ದಿನವೂ ಕುದುರೆ ಹತ್ತಿದವರಲ್ಲ. "ಸಾಕೋಳಿಗೆ ಹತ್ತೋಕೆ ಪುರುಸೊತ್ತೆಲ್ಲಿದೆ?" ಎಂದುಬಿಡುತ್ತಿದ್ದರು. ನಮ್ಮ ಯಜಮಾನರದ್ದು ಬೇರೆ ಪಂಗಡ. ಕುದುರೆ ಕಂಡರೆ ಕಾಲು ನೋವು. ಕಟ್ಟು ತರಲು ಕಳಿಸಿದ ದಿನ "ಹತ್ತಿ ಒಂದು ಸುತ್ತು ಬರಲೇನು?" ಎಂದು ಕೇಳಿ, ಜಯಮ್ಮನಿಂದ ಲದ್ದಿ ಬಾಚುವ ಸಲಿಕೆ ಕೈಗೆ ಸಿಕ್ಕಿಸಿಕೊಂಡು ಬಂದಿದ್ದರು.

ನನ್ನ ತಲೆ ತಿಂದದ್ದು ಒಂದೇ ಪ್ರಶ್ನೆ. ಮಕ್ಕಳಿಲ್ಲ ಮರಿಯಿಲ್ಲ, ಗಂಡನಿಲ್ಲ. ಮೈಸೂರಿನಲ್ಲಿ ಅಣ್ಣ ವಿಶ್ವೇಶ್ವರಯ್ಯನವರು ಮೂರಂಕಣದ ಮನೆ ಕಟ್ಟಿಸಿಕೊಂಡು ಬಾ ಬಾ ಎನ್ನುತ್ತಾರೆ. ಈಕೆ ಈ ಜಿಟಿಜಿಟಿ ಮಳೆಯ ಊರಿನಲ್ಲಿ ಲದ್ದಿ ಬಾಚಿಕೊಂಡು ಯಾಕಿದ್ದಾರೆ? ಕೇಳಿದಾಗೆಲ್ಲ ಒಂದೊಂದು ಉತ್ತರ. "ಇಲ್ಲಿ ನೀರು ಚೆನ್ನಾಗಿದೆ" ಎಂದರು ಒಂದು ಸಲ. ಇನ್ನೊಂದು ಸಲ "ಸುಬೇದಾರನಿಗೆ ಮೈಸೂರು ಚಳಿ ಆಗಲ್ಲ." ಮತ್ತೊಮ್ಮೆ, ಸ್ವಲ್ಪ ಸಿಟ್ಟಿನಿಂದಲೇ, "ರೈಲು ತಪ್ಪೋಯ್ತು, ಸಾಕಾ?" ಎಂದು ಬೆನ್ನು ತಿರುಗಿಸಿದರು. ನಾನು ಬಿಡುವವಳೇ? ಮನಸ್ಸಿನಲ್ಲೇ ಆ ಪ್ರಶ್ನೆಯನ್ನು ನೆನೆ ಹಾಕಿಟ್ಟೆ.

ಎಪ್ಪತ್ತನಾಲ್ಕರ ಬೇಸಿಗೆಗೆ ಬರುತ್ತೇನೆ. ಗೌರಿ ಗಬ್ಬವಾಗಿದ್ದಳು. ಹಿಂದೆ ಎರಡು ಸಲ ಅವಳು ಈದಾಗಲೂ ಮರಿ ಆಷಾಢದ ಜಡಿಮಳೆಯಲ್ಲೇ ಹುಟ್ಟಿ, ಶೀತ ಹಿಡಿದು, ಎದೆ ಕಟ್ಟಿಕೊಂಡು ಹೋಗಿಬಿಟ್ಟಿತ್ತು. ಈ ಸಲ ಜಯಮ್ಮ ಲೆಕ್ಕ ಹಾಕಿದ್ದರು. ಕುದುರೆಗೆ ಹನ್ನೊಂದು ತಿಂಗಳ ಬಸಿರು. ಹಿಂದಿನ ಜೂನ್ ಶುರುವಿನಲ್ಲೇ ಗೌರಿಯನ್ನು ಲಾರಿ ಹತ್ತಿಸಿ, ಎರ್ನಾಕುಲಂನ ಮರದ ವ್ಯಾಪಾರಿಯೊಬ್ಬರ ಗಂಡು ಕುದುರೆಯ ಹತ್ತಿರ ಕರೆದುಕೊಂಡು ಹೋಗಿ ಬಂದಿದ್ದರು. ಮೇ ತಿಂಗಳಲ್ಲಿ ಮರಿ ಹುಟ್ಟಿದರೆ ಭರಣಿ ಮಳೆ ನಾಲ್ಕು ಹನಿ ಹಾಕಿ ಹೋಗಿರುತ್ತದೆ, ನೆಲ ಬೆಚ್ಚಗಿರುತ್ತದೆ, ದೊಡ್ಡ ಮಳೆ ಹಿಡಿಯುವ ಹೊತ್ತಿಗೆ ಕಾಲು ಗಟ್ಟಿಯಾಗಿರುತ್ತದೆ. ಅಪ್ಪಟ ಮೈಸೂರಿನ ಲೆಕ್ಕ. ನಮ್ಮಲ್ಲಿ ಬೇಸಿಗೆ ಮಳೆ ಎಂದರೆ ಸಂಜೆ ಗುಡುಗಿ, ಸುರಿದು, ಬೆಳಿಗ್ಗೆ ಬಿಸಿಲು.

ಆ ವರ್ಷ ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಮುಂಚೆಯೇ ಶುರುವಾದ ಮಳೆ ಎದ್ದು ಹೋಗಲೇ ಇಲ್ಲ. ಹಬ್ಬದ ಬೆಳಿಗ್ಗೆ ದೇವರ ಮುಂದೆ ಕಣಿ ಇಡುವ ಹಳದಿ ಕೊನ್ನೆ ಹೂವು ಸಹ ನೆಂದು ಉದುರಿಹೋಗಿತ್ತು. ಲಾಯದ ಗರಿಯಿಂದ ನೀರು ಸೋರುತ್ತಿತ್ತು. ಹುಲ್ಲಿಗೆ ಬೂಷ್ಟು ಹಿಡಿಯದಿರಲೆಂದು ಜಯಮ್ಮ ಅದನ್ನು ಅಟ್ಟದ ಮೇಲೆ ಹರಡಿ ಕೆಳಗೆ ತೆಂಗಿನ ಚಿಪ್ಪಿನ ಕೆಂಡ ಇಡುತ್ತಿದ್ದರು. ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ತರಿಸಿ ನೆಲಕ್ಕೆ ಹಾಸುವುದು, ಸಂಜೆಗೆ ಅದು ಪಿಚಪಿಚ ಎನ್ನುವಾಗ ಬಾಚಿ ಎಸೆದು ಮತ್ತೆ ಹಾಸುವುದು. ಒಂದೊಂದೇ ಗೊರಸು ಎತ್ತಿಸಿ, ಕೊಕ್ಕೆಯಿಂದ ಕೆಸರು ಕೆರೆದು, ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚುವುದು. ಬೆಳಗಿನಿಂದ ಇದೇ ಕೆಲಸ. ಆದರೂ ಹಂಡೆ ತಪ್ಪಲಿಲ್ಲ. ನಾವು ಕೊಡೆ ಹಿಡಿದುಕೊಂಡು ಕಟ್ಟು ತರಲು ಹೋಗುತ್ತಿದ್ದೆವು.

ಹಾಗೆ ಹೋದ ಒಂದು ಬೆಳಿಗ್ಗೆ ಜಯಮ್ಮ ತಾವಾಗಿ ಹೇಳಿದರು, ಗೌರಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಶಾಂತಮ್ಮ, ಅಣ್ಣಂಗೆ ಮಾತು ಕೊಟ್ಟಿದೀನಿ. ಈ ಮರಿ ಎದ್ದು ನಿಂತು ಹಾಲು ಕುಡಿದ್ರೆ ನಾನಿಲ್ಲೇ. ಇದೂ ಹೋಯ್ತು ಅಂದ್ರೆ ಲಾಯಕ್ಕೆ ಬೀಗ ಹಾಕಿ ಮೈಸೂರಿಗೆ ಹೊರಟೆ. ಸುಬೇದಾರನಿಗೂ ವಯಸ್ಸಾಯ್ತು. ಮುದಿ ಕುದುರೆ ಇಟ್ಕೊಂಡು ನಾನೊಬ್ಬಳು ಮುದುಕಿ ಏನ್ ಮಾಡ್ಲಿ?"

"ಹೋಗೋಕೆ ಇಷ್ಟ ಇದೆಯಾ?" ಎಂದೆ.

ಆಕೆ ಬೆನ್ನು ತಿರುಗಿಸಿ ಹುರಳಿ ಬಸಿಯಲು ಹೋದರು. ಹೋಗಲು ಇಷ್ಟವಿಲ್ಲ ಎನ್ನುವುದು ಆ ಬೆನ್ನಿನಲ್ಲೇ ಕಾಣಿಸುತ್ತಿತ್ತು. ಯಾಕೆ ಎನ್ನುವುದು ಮಾತ್ರ ಕಾಣಿಸಲಿಲ್ಲ.

ಈಗ ರಾಜಲಕ್ಷ್ಮಿಯ ವಿಷಯ. ಬೆಂಗಳೂರಿನ ಬಸವನಗುಡಿಯವಳು, ಗಂಡ ತುಂಬಾದಲ್ಲಿ ರಾಕೆಟ್ ಹಾರಿಸುವವನು. ಮಹಾ ಉತ್ಸಾಹಿ. ಗೌರಿ ಹಬ್ಬ, ಲಕ್ಷ್ಮೀ ಪೂಜೆ, ಯಾವುದಿದ್ದರೂ ಕನ್ನಡದ ಹೆಂಗಸರನ್ನು ಗುಡ್ಡೆ ಹಾಕಿ ನಡೆಸುವವಳು ಅವಳೇ. ಆ ಬೇಸಿಗೆಯ ಮಳೆಯಲ್ಲಿ ಮನೆಯೊಳಗೆ ಕೂತು ಬೇಸತ್ತಿದ್ದಳೋ ಏನೋ, ಒಂದು ದಿನ ಹಂಡೆಯ ಮುಂದೆ ಘೋಷಣೆ ಮಾಡಿದಳು: "ನಮ್ಮ ಗೌರಿಗೆ ಸೀಮಂತ ಮಾಡೋಣ!"

ನಾನು ನಕ್ಕುಬಿಟ್ಟೆ. "ಅಲ್ಲಮ್ಮಾ, ಗಂಡ ಚಂದ್ರನ ಕಡೆ ರಾಕೆಟ್ ಬಿಡ್ತಾನೆ, ನೀನು ಕುದುರೆಗೆ ಸೀಮಂತ ಮಾಡ್ತೀಯಾ?"

"ತಪ್ಪೇನ್ರೀ? ಇಷ್ಟು ವರ್ಷ ಅವಳ ಹುರಳಿ ಕಟ್ಟು ಕುಡಿದಿದೀವಿ. ಹೆಣ್ಣು ತಾನೇ ಅವಳೂ?"

ಜಯಮ್ಮ ಬೈಯುತ್ತಾರೆ ಎಂದುಕೊಂಡೆ. ಆಕೆ ಬೈಯಲಿಲ್ಲ. ಸೌಟು ಕೆಳಗಿಟ್ಟು, "ಮಾಡಿ. ಚೆನ್ನಾಗಿ ಮಾಡಿ," ಎಂದರು. ದನಿ ಬೇರೆಯಾಗಿತ್ತು. ಭಾರ್ಗವಿ ಹುಲ್ಲಿನ ಹೊರೆ ಕೆಳಗೆ ಹಾಕಿ, "ಕುದಿರಯ್ಕ್ ಪುಳಿಕುಡಿಯೋ?" ಎಂದು ಕಣ್ಣರಳಿಸಿದಳು. ಅವರ ಕಡೆ ಬಸುರಿಗೆ ಹುಳಿ ಕುಡಿಸುವ ಶಾಸ್ತ್ರಕ್ಕೆ ಪುಳಿಕುಡಿ ಎನ್ನುತ್ತಾರೆ. ಸಂಜೆಯೊಳಗೆ ಶ್ರೀಕಾರ್ಯಂಗೆಲ್ಲ ಸುದ್ದಿ ಹಬ್ಬಿತು.

ಸೀಮಂತದ ದಿನವೂ ಮಳೆ. ನಾವು ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ತಟ್ಟೆಗಳ ಮೇಲೆ ಬಾಳೆಲೆ ಮುಚ್ಚಿಕೊಂಡು ಕೆಸರಿನಲ್ಲಿ ಜಾರುತ್ತ ಹೋದೆವು. ಜಯಮ್ಮ ಲಾಯವನ್ನು ಗುಡಿಸಿ ಸಾರಿಸಿ, ಮಾವಿನೆಲೆ ಕಟ್ಟಿ, ಗೌರಿಯ ಮೈಯನ್ನು ಮಿರಮಿರ ಉಜ್ಜಿಟ್ಟಿದ್ದರು. ಗೌರಿ ನಮ್ಮನ್ನೆಲ್ಲ ಕಿವಿ ನಿಗುರಿಸಿ ನೋಡಿದಳು. ಅರಿಸಿನ ಕುಂಕುಮ ಹಚ್ಚಿದೆವು. ಮುಂಗಾಲಿಗೆ ಹಸಿರು ಬಳೆಯ ಸರ ಕಟ್ಟಿದೆವು. ಕುತ್ತಿಗೆಗೆ ಮಲ್ಲಿಗೆ ಮಾಲೆ. ಅದನ್ನು ಅವಳು ತಿರುಗಿ ತಿಂದೇಬಿಟ್ಟಳು. ನಕ್ಕೂ ನಕ್ಕೂ ನಮಗೆ ಹಾಡು ಹೇಳಲು ಆಗಲಿಲ್ಲ.

ಆರತಿ ಎತ್ತುವ ಹೊತ್ತಿಗೆ ನಾನು ಸುತ್ತ ನೋಡಿದೆ. ಜಯಮ್ಮ ಇಲ್ಲ.

"ಅವರು ಒಳಗೆ ಅಡುಗೆಮನೇಲಿದಾರೆ," ಎಂದಳು ರಾಜಲಕ್ಷ್ಮಿ ಮೆಲ್ಲಗೆ. "ಮುತ್ತೈದೆಯರ ಶಾಸ್ತ್ರ ಅಲ್ವಾ? ಅವರಿಗೇ ಗೊತ್ತಾಗಿ ಹೋದ್ರು. ನಾನೇನೂ ಹೇಳಲಿಲ್ಲಪ್ಪ."

ಹೇಳಲಿಲ್ಲವಂತೆ! ಯಾರೂ ಹೇಳಬೇಕಾಗಿಯೇ ಇರಲಿಲ್ಲ, ಅದೇ ನನ್ನ ಮೈ ಉರಿಸಿದ್ದು. ಗಬ್ಬದ ಕುದುರೆ ಆಕೆಯದು, ಲಾಯ ಆಕೆಯದು, ಹನ್ನೊಂದು ತಿಂಗಳು ಗೊರಸು ತೊಳೆದ ಕೈ ಆಕೆಯದು. ಆರತಿಯ ಹೊತ್ತಿಗೆ ಆಕೆ ಅಡುಗೆಮನೆಯಲ್ಲಿ. ನಾನು ಕರೆಯಲು ಹೋದೆ. ಜಯಮ್ಮ ಒಲೆಯ ಮುಂದೆ ಕೂತು ನಮ್ಮೆಲ್ಲರಿಗೆ ಅನ್ನ ಬಸಿಯುತ್ತಿದ್ದರು. "ಬೇಡ ಶಾಂತಮ್ಮ, ಈ ದಿನ ಒಂದು ಬೇಡ. ನನ್ನ ನೆರಳೂ ಬೀಳೋದು ಬೇಡ ಅವಳ ಮೇಲೆ," ಎಂದರು. ನಾನು ಅಲ್ಲೇ ಅವರ ಜೊತೆ ವಾದಕ್ಕೆ ನಿಂತೆ. ಅಷ್ಟರಲ್ಲಿ ಲಾಯದಲ್ಲಿ ಏನಾಗಬಾರದೋ ಅದು ಆಗುತ್ತಿತ್ತು.

ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರಲ್ಲ. ಒಬ್ಬಳು ಗೌರಿಗೆ ಒಂದು ಒಬ್ಬಟ್ಟು ತಿನ್ನಿಸಿದಳು. ಒಂದೇ ಒಂದು. ಅದನ್ನು ನೋಡಿ ಪಕ್ಕದವಳು ಒಂದು ತಂಬಿಟ್ಟು. ಮತ್ತೊಬ್ಬಳು ಚಿಗಳಿ. ಬೆಲ್ಲ ಕಂಡರೆ ಕುದುರೆ ಬೇಡ ಎನ್ನುತ್ತದೆಯೇ? ತುಟಿ ಚಾಚಿ ಚಾಚಿ ತಿಂದಳು. ಎಲ್ಲರೂ ಕೊಟ್ಟದ್ದು ಒಂದೊಂದೇ. ಬಂದಿದ್ದವರು ಮಾತ್ರ ಊರಗಲ ಕನ್ನಡದವರೆಲ್ಲ.

ಊಟಕ್ಕೆ ಎಲೆ ಹಾಕಿದ್ದರು. ನಾನು ಹಪ್ಪಳ ಮುರಿಯುವಷ್ಟರಲ್ಲಿ ಭಾರ್ಗವಿಯ ಕೂಗು ಕೇಳಿಸಿತು. ಓಡಿಹೋದರೆ ಗೌರಿ ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಳು. ಮೈಯೆಲ್ಲ ಬೆವರು. ಮಂಡಿ ಮಡಚಿ ಮಲಗಲು ಹೋದಳು. ಜಯಮ್ಮ ಎಲ್ಲರನ್ನೂ ತಳ್ಳಿಕೊಂಡು ಬಂದು ಹಗ್ಗ ಹಿಡಿದು ಎಳೆದರು.

"ಮಲಗೋಕೆ ಬಿಡಬೇಡಿ! ಹೊಟ್ಟೆಶೂಲೆ ಇದು. ಬಿದ್ದು ಹೊರಳಿದ್ರೆ ಕರುಳು ತಿರುಚಿಕೊಳ್ಳುತ್ತೆ. ತಾಯೀನೂ ಇಲ್ಲ, ಮರೀನೂ ಇಲ್ಲ. ಭಾರ್ಗವಿ, ಡಾಕ್ಟರನ್ನ ಕರ್ಕೊಂಡು ಬಾ, ಓಡು!"

ಭಾರ್ಗವಿ ಮಳೆಯಲ್ಲೇ ಓಡಿದಳು. ಜಯಮ್ಮ ಗೌರಿಯನ್ನು ಅಂಗಳಕ್ಕೆ ಇಳಿಸಿ ನಡೆಸತೊಡಗಿದರು. ಮಲಗಲು ಬಿಡದೆ ನಡೆಸುತ್ತಲೇ ಇರಬೇಕಂತೆ, ಅದೊಂದೇ ದಾರಿ. ಒಂದು ಕಡೆ ಜಯಮ್ಮ ಹಗ್ಗ ಹಿಡಿದರೆ ಇನ್ನೊಂದು ಕಡೆ ನಾನು. ಗೌರಿ ನಿಂತಾಗಲೆಲ್ಲ ಹಿಂದಿನಿಂದ ತಳ್ಳಲು ರಾಜಲಕ್ಷ್ಮಿ. ಹೌದು, ಅವಳೇ. ಕೆಂಪಂಚಿನ ಮೈಸೂರು ರೇಷ್ಮೆ ಸೀರೆಯನ್ನು ಕಚ್ಚೆ ಕಟ್ಟಿಕೊಂಡು, ಕೆಸರಿನಲ್ಲಿ ಕಾಲು ಹೂತುಕೊಂಡು, ಅಳುತ್ತ ತಳ್ಳುತ್ತಿದ್ದಳು. ನನಗೆ ಅವಳ ಮೇಲಿದ್ದ ಕೋಪ ಅರ್ಧ ಅಲ್ಲೇ ಇಳಿಯಿತು. ಉಳಿದವರು ಸರದಿಯ ಮೇಲೆ ಹಗ್ಗ ಹಿಡಿದರು. ಬಳೆ ತೊಡಿಸಲು ಬಂದ ಮುತ್ತೈದೆಯರು ತಲೆಯಿಂದ ನೀರು ಇಳಿಸಿಕೊಂಡು ಕುದುರೆಯ ಜೊತೆ ಅಂಗಳ ಸುತ್ತುತ್ತಿದ್ದರು.

ನಡೆಯುತ್ತ ನಡೆಯುತ್ತ ಜಯಮ್ಮ ಒಂದೇ ಮಾತು ಆಡುತ್ತಿದ್ದರು, "ನನ್ನ ನೆರಳು ಬಿತ್ತು. ಬೆಳಿಗ್ಗೆ ಮೈ ಉಜ್ಜಿದ್ದು ನಾನೇ ಅಲ್ವಾ. ಬಿತ್ತು ನನ್ನ ನೆರಳು."

"ಏನು ಮಾತು ಅಂತ ಆಡ್ತೀರಿ?"

"ನಿಮಗೆ ಗೊತ್ತಿಲ್ಲ ಶಾಂತಮ್ಮ. ನಂಗೂ ನಿಂತಿತ್ತು, ಮೂರು ಸಲ. ಒಂದೂ ಏಳನೇ ತಿಂಗಳು ಮುಟ್ಟಲಿಲ್ಲ. ಸೀಮಂತದ ಬಳೆ ಅನ್ನೋದನ್ನ ನಾನು ಕೈಗೆ ಹಾಕ್ಕೊಂಡೇ ಇಲ್ಲ. ಆಮೇಲೆ ಮನೇಲಿ ಯಾರ ಸೀಮಂತ ಆದ್ರೂ, ನಾದಿನಿದಾಗಲಿ, ಅತ್ತಿಗೇದಾಗಲಿ, ನನ್ನನ್ನ ಅಡುಗೆಮನೇಲಿ ಕೂರಿಸ್ತಿದ್ರು. ಗಂಡ ಬದುಕಿದ್ದಾಗಲೇ, ಹಣೆಯಲ್ಲಿ ಇಷ್ಟಗಲ ಕುಂಕುಮ ಇದ್ದಾಗಲೇ." ಗೌರಿಯ ಕುತ್ತಿಗೆ ಸವರಿದರು. "ಇಲ್ಲಿಗೆ ಬಂದೆ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೌರಿ ಮೊದಲ ಸಲ ಈದಾಗ ಬೀದಿಯೋರೆಲ್ಲ ಬಂದು ನನ್ನನ್ನೇ ಕೇಳಿದ್ರು, ಹೆರಿಗೆ ಆಯ್ತಾ ಅಮ್ಮಾ, ಚೆನ್ನಾಗಿದಾಳಾ ಅಂತ. ಅಮ್ಮಾ ಅಂದ್ರು. ಈಗ ಮತ್ತೆ ಹೋಗಿ ಅದೇ ಅಡುಗೆಮನೇಲಿ ಕೂರೋದಾ? ನನ್ನ ಕೈಲಾಗಲ್ಲ ಕಣ್ರೀ."

ಇಷ್ಟು ವರ್ಷ ನಾನು ನೆನೆ ಹಾಕಿಟ್ಟಿದ್ದ ಪ್ರಶ್ನೆಗೆ ಉತ್ತರ ಅಲ್ಲಿ, ಆ ಮಳೆಯಲ್ಲಿ ಸಿಕ್ಕಿತು. ಸಿಕ್ಕಿದ ಸಂತೋಷ ಇರಲಿಲ್ಲ. ನನಗೆ ಅಳು ಬಂದರೆ ಬಾಯಿಂದ ಸಿಟ್ಟಾಗಿಯೇ ಹೊರಡುವುದು.

"ನೆರಳಲ್ಲ ಕಣ್ರೀ, ಒಬ್ಬಟ್ಟು!" ಎಂದು ಕಿರುಚಿದೆ. "ಇವರೆಲ್ಲ ಸೇರಿ ತುರುಕಿದ ಒಬ್ಬಟ್ಟು! ನೀವು ಅಲ್ಲಿ ನಿಂತಿದ್ದಿದ್ರೆ ಒಂದು ಚೂರು ಅವಳ ಬಾಯಿಗೆ ಹೋಗ್ತಿತ್ತಾ? ಕೈ ಮುರೀತಿದ್ರಿ ಕೊಟ್ಟೋಳದ್ದು. ನೀವು ಅಡುಗೆಮನೇಲಿ ಕೂತಿದ್ದಕ್ಕೇ ಇಷ್ಟೆಲ್ಲ ಆದದ್ದು!"

ಹಿಂದೆ ತಳ್ಳುತ್ತಿದ್ದ ರಾಜಲಕ್ಷ್ಮಿ ತಟ್ಟನೆ ನಿಂತಳು. ಮತ್ತೆ ಗೌರಿಗೆ ಭುಜ ಕೊಟ್ಟು ತಳ್ಳಿದಳು.

ಡಾಕ್ಟರ್ ಕೃಷ್ಣಾನಂದ ಬರುವಾಗ ಸಂಜೆಯಾಗಿತ್ತು. ಸರ್ಕಾರಿ ದನದಾಸ್ಪತ್ರೆಯವರು, ಕಾಸರಗೋಡಿನ ಕಡೆಯ ಕನ್ನಡಿಗರು. ದಾರಿಯಲ್ಲಿ ನೀರು ನಿಂತು ಜೀಪು ಬಿಟ್ಟು ನಡೆದುಕೊಂಡು ಬಂದಿದ್ದರು. ಗೌರಿಯ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ನಮ್ಮ ಸಾಲನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ತಿಂದಿದ್ದು ಇದು?"

ನಾವು ಒಬ್ಬರ ಹಿಂದೆ ಒಬ್ಬರು ಸರಿದೆವು.

"ಹೇಳಿ ಮಾರಾಯ್ರೆ, ಮದ್ದು ಕೊಡ್ಲಿಕ್ಕೆ ಬೇಡವಾ?"

"ಒಂದೇ ಒಂದು ಒಬ್ಬಟ್ಟು," ಎಂದಿತು ಒಂದು ಸಣ್ಣ ದನಿ. "ಒಂದು ತಂಬಿಟ್ಟು," ಎಂದಿತು ಇನ್ನೊಂದು. "ಚಿಗಳಿ." "ಒಬ್ಬಟ್ಟು, ಅರ್ಧ." ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಕುದುರೆಗೆ ಸೀಮಂತ! ನಿಮ್ಮ ತಲೆ ಸರಿ ಉಂಟಾ? ಇಷ್ಟು ತಿಂದರೆ ಆನೆಗೂ ಹೊಟ್ಟೆ ನೋಯ್ತದೆ. ಪುಣ್ಯಕ್ಕೆ ಈ ಅಮ್ಮ ನಡೆಸ್ತಾ ಇದ್ದರು, ಇಲ್ಲದಿದ್ದರೆ ಆಗ್ಲೇ ಮುಗಿದಿತ್ತು." ಮೂಗಿನಿಂದ ರಬ್ಬರ್ ನಳಿಗೆ ಇಳಿಸಿ ಎಣ್ಣೆ ಹೊಯ್ದರು, ಸೂಜಿ ಚುಚ್ಚಿದರು. "ಇನ್ನು ಲದ್ದಿ ಬೀಳುವವರೆಗೆ ನಡೆಸಿ. ಬಿದ್ದರೆ ಬದುಕಿತು."

ಮತ್ತೆ ನಡೆದೆವು. ಎಲ್ಲರ ಕಣ್ಣೂ ಗೌರಿಯ ಬಾಲದ ಮೇಲೆ. ಮನೆಮನೆಯಿಂದ ಹುಡುಕಿಕೊಂಡು ಬಂದ ಗಂಡಸರು ಕೊಡೆ ಹಿಡಿದು ಬೇಲಿಯ ಪಕ್ಕ ನಿಂತರು. ಅಂತೂ ಗೌರಿ ಒಮ್ಮೆ ನಿಂತಳು, ಬಾಲ ಎತ್ತಿದಳು, ದೊಪದೊಪನೆ ಲದ್ದಿ ಹಾಕಿದಳು.

"ಬಿತ್ತೂ!" ಎಂದು ಕೂಗಿದವಳು ರಾಜಲಕ್ಷ್ಮಿ. ಎಲ್ಲರೂ ಚಪ್ಪಾಳೆ ತಟ್ಟಿದೆವು, ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ರಾಕೆಟ್ ಹಾರಿದಾಗಲೂ ತುಂಬಾದಲ್ಲಿ ಇಷ್ಟು ಗಲಾಟೆ ಆಗುವುದಿಲ್ಲ ಎಂದು ಅವಳ ಗಂಡ ಆಮೇಲೆ ಹೇಳಿದನಂತೆ. ಜಯಮ್ಮ ಮಾತ್ರ ಗೌರಿಯ ಕುತ್ತಿಗೆಗೆ ಮುಖ ಒತ್ತಿಕೊಂಡು ನಿಂತಿದ್ದರು.

ಅಲ್ಲಿಗೆ ಅರ್ಧ ಗಂಡಾಂತರ ಕಳೆಯಿತು. ಹೊಟ್ಟೆಯಲ್ಲಿದ್ದ ಮರಿಗೆ ಏನಾಗಿದೆಯೋ ಡಾಕ್ಟರಿಗೂ ಗೊತ್ತಿರಲಿಲ್ಲ. "ಹುಟ್ಟಿದ ಮೇಲೆ ನೋಡುವ," ಎಂದು ಹೋದರು. ಮಳೆ ಸುರಿಯುತ್ತಲೇ ಇತ್ತು. ನಾವು ದಿನಾ ಹೋಗಿ ಗೌರಿಯ ಹೊಟ್ಟೆಯನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿ ಬರುತ್ತಿದ್ದೆವು. ಕೈಯಲ್ಲಿ ತಿಂಡಿ ಇದೆಯೇ ಎಂದು ಬಾಗಿಲಲ್ಲೇ ಭಾರ್ಗವಿ ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದಳು.

ಮೇ ಕೊನೆಯ ಒಂದು ಬೆಳಿಗ್ಗೆ, ಇನ್ನೂ ಕಾಫಿ ಬೆರೆಸಿರಲಿಲ್ಲ, ಭಾರ್ಗವಿ ನಮ್ಮ ಬೇಲಿಯ ಹತ್ತಿರ ನಿಂತು "ಚೇಚ್ಚೀ, ವಾ ವಾ, ಬೇಗ ಬನ್ನಿ" ಎಂದು ಕೂಗಿದಳು. ಒಗೆದ ಸೀರೆ ಸುತ್ತಿಕೊಂಡು ಓಡಿದೆ. ಲಾಯದಲ್ಲಿ ಹೊಸ ಹೊಟ್ಟಿನ ಮೇಲೆ ಮರಿ ಬಿದ್ದಿತ್ತು, ಒದ್ದೆ ಮುದ್ದೆ, ಮೈಗಿಂತ ಕಾಲೇ ಉದ್ದ. ಗೌರಿ ನೆಕ್ಕುತ್ತಿದ್ದಳು. ಜಯಮ್ಮ ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದರು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು.

"ಎತ್ತಿ ನಿಲ್ಲಿಸಬಾರದಾ?" ಎಂದೆ.

"ಮುಟ್ಟಬಾರದು. ತಾನೇ ಏಳಬೇಕು."

ಮರಿ ಮುಂಗಾಲು ಊರಿತು, ಹಿಂಗಾಲು ಜಾರಿತು, ಮೂತಿ ನೆಲಕ್ಕೆ ಬಡಿಯಿತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಸ್ವಲ್ಪ ಹೊತ್ತು ಅಲುಗಾಡಲೇ ಇಲ್ಲ. ಜಯಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ನಾನು ನನ್ನ ಮನೆದೇವರನ್ನೆಲ್ಲ ಒಂದು ಸುತ್ತು ಕರೆದು ಮುಗಿಸಿದೆ. ಆಮೇಲೆ ಅದು ಹಿಂದಿನ ಕಾಲೆರಡನ್ನೂ ಅಗಲಿಸಿ ಊರಿ, ಒಮ್ಮೆಲೇ ಎದ್ದು ನಿಂತಿತು. ನಾಲ್ಕೂ ಕಾಲು ಗಡಗಡ ನಡುಗುತ್ತಿದ್ದವು, ಆದರೆ ನಿಂತಿತು. ತಾಯಿಯ ಎದೆಗೆ, ಮಂಡಿಗೆ, ಎಲ್ಲೆಲ್ಲೋ ಮೂತಿ ತಿವಿದು ಕಡೆಗೆ ಕೆಚ್ಚಲು ಹುಡುಕಿಕೊಂಡಿತು. ಚಪ್ಪರಿಸುವ ಸದ್ದು ಕೇಳಿಸಿದಾಗ ಜಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಅಷ್ಟು ಹೊತ್ತಿಗೆ ಉಳಿದವರೂ ಬಂದಿದ್ದರು. ರಾಜಲಕ್ಷ್ಮಿ ಆರತಿ ತಟ್ಟೆ ತಂದಿದ್ದಳು. ದೀಪ ಹಚ್ಚಿ, ಸೀದಾ ಹೋಗಿ ಜಯಮ್ಮನ ಮುಂದೆ ಹಿಡಿದಳು.

"ನೀವು ಎತ್ತಿ."

ಜಯಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. "ಬೇಡಮ್ಮ ರಾಜಿ. ಶಾಸ್ತ್ರ..."

"ನಾನು ಶಾಸ್ತ್ರ ಮಾಡಿದ್ದು ಆ ದಿನ ನೋಡಿದಿರಲ್ಲ," ಎಂದಳು ರಾಜಲಕ್ಷ್ಮಿ. ಕಣ್ಣು ತುಂಬಿತ್ತು. "ನೀವು ಎತ್ತದೆ ಇದ್ರೆ ಈ ಮರಿಗೆ ಇಲ್ಲಿ ಯಾರೂ ಎತ್ತಲ್ಲ. ಹಿಡೀರಿ."

ಜಯಮ್ಮ ಸೆರಗಿಗೆ ಕೈ ಒರೆಸಿಕೊಂಡು ತಟ್ಟೆ ಹಿಡಿದರು. ತಾಯಿಗೂ ಮರಿಗೂ ಆರತಿ ಎತ್ತಿದರು. ಕುಂಕುಮದ ಬೆರಳು ಮರಿಯ ಹಣೆಗೆ ಮುಟ್ಟಿಸಿದಾಗ ಅದು ಫುರ್ ಎಂದು ಸೀನಿ ಎಲ್ಲರ ಮೇಲೂ ಹಾರಿಸಿತು.

ನಾನು ನನ್ನ ಬುದ್ಧಿ ಬಿಡುತ್ತೇನೆಯೇ? ಹೊರಡುವ ಮುಂಚೆ ಕೇಳಿಯೇಬಿಟ್ಟೆ: "ಹಾಗಾದ್ರೆ ಮೈಸೂರಿಗೆ ಯಾವಾಗ ಹೋಗೋದು?"

"ಚೆನ್ನಾಗಿ ಹೇಳಿದ್ರಿ. ಬಾಣಂತೀನ ಬಿಟ್ಟು ಯಾರಾದ್ರೂ ಊರಿಗೆ ಹೋಗ್ತಾರೇನ್ರೀ?" ಎಂದರು ಜಯಮ್ಮ. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ನನ್ನ ಕೈಯಲ್ಲಿದ್ದ ಪಾತ್ರೆಯನ್ನು ನೋಡಿ, "ಅದನ್ನ ವಾಪಸ್ ತಗೊಂಡು ಹೋಗಿ. ಇನ್ನೊಂದು ತಿಂಗಳು ಕಟ್ಟೆಲ್ಲ ಅವಳಿಗೇ," ಎಂದರು.